ಬಾಕಿ ಇರಲಿ

ಬಾಗಲಕೋಟೆಯ ನವನಗರದಲ್ಲಿ ಎಲ್ಲರಿಗೂ ಎರಡು ವಿಳಾಸ. ಒಂದು ಆಧಾರ್ ಕಾರ್ಡಿನಲ್ಲಿರುವುದು: ಸೆಕ್ಟರ್ ಇಂತಿಷ್ಟು, ಪ್ಲಾಟ್ ಇಂತಿಷ್ಟು. ಇನ್ನೊಂದು ಬಾಯಲ್ಲಿರುವುದು: "ನಮ್ದು ಮೂಲ ಕಿಲ್ಲಾ ರೀ", "ನಾವು ಹೊಸಪೇಟಿಯವ್ರು". ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಫಾರ್ಮು ತುಂಬಿಸುವಾಗ ನಾನು ಕೇಳುವುದು ಮೊದಲನೆಯದನ್ನು. ಗ್ರಾಹಕರು ಅದನ್ನು ಚುಟುಕಾಗಿ ಹೇಳಿ ಮುಗಿಸಿ, ನಾನು ಕೇಳದ ಎರಡನೆಯದನ್ನು ಬಡ್ಡಿ ಸಮೇತ ಒಪ್ಪಿಸುತ್ತಾರೆ. ಓಣಿ ಯಾವುದು, ಮನೆಯೆದುರು ಯಾವ ಗುಡಿ ಇತ್ತು, ಬಾಜೂಕಿನವರು ಈಗ ಯಾವ ಸೆಕ್ಟರಿನಲ್ಲಿದ್ದಾರೆ, ಅವರ ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ. ಫಾರ್ಮಿನಲ್ಲಿ ಇದಕ್ಕೆಲ್ಲ ಜಾಗವಿಲ್ಲ. ಹಿಂದೆ ನಿಂತ ಸಾಲೂ ಗೊಣಗುವುದಿಲ್ಲ; ಬದಲಿಗೆ ಸಾಲಿನಲ್ಲಿದ್ದ ಒಬ್ಬರು ಮುಂದೆ ಬಂದು, "ಆ ಗುಡಿ ಅಲ್ಲೇ ಐತಲ್ಲೋ, ನೀರು ಬಂದಿಲ್ಲ ಅಲ್ಲಿಗೆ" ಎಂದು ತಿದ್ದುತ್ತಾರೆ.

ನಾನು ತಿಪಟೂರಿನ ಕಡೆಯವಳು. ವರ್ಗದ ಆದೇಶ ಹಿಡಿದು ಇಲ್ಲಿಗೆ ಬಂದಾಗ, ಈ ಊರಿನಲ್ಲಿ ಪರಿಚಯದ ಒಂದು ಮುಖವೂ ಇಲ್ಲದವಳು ನಾನೊಬ್ಬಳೇ ಎಂಬ ಭಾವನೆ ಇತ್ತು. ಹೊಸ ಊರಿಗೆ ಹೋದ ಎಲ್ಲರಿಗೂ ಇರುವ ಹೆಮ್ಮೆ ಅದು; ಒಂಟಿತನದಲ್ಲಿ ಒಂದು ಬಗೆಯ ಹೆಮ್ಮೆಯೂ ಇರುತ್ತದೆ. ಆ ಹೆಮ್ಮೆಯನ್ನು ನವನಗರ ಬಹಳ ದಿನ ಇಟ್ಟುಕೊಳ್ಳಲು ಬಿಡುವುದಿಲ್ಲ. ಯಾಕೆಂದರೆ ಇಲ್ಲಿ ಊರಿಗೆ ಊರೇ ವರ್ಗವಾಗಿ ಬಂದಿದೆ.

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಕಟ್ಟೆ ಕಟ್ಟಿದ್ದು ಕೃಷ್ಣೆಗೆ. ಹಿನ್ನೀರು ಏರಿದ್ದು ಘಟಪ್ರಭೆಯಲ್ಲಿ, ಅದರ ಬಗಲಿಗಿದ್ದ ಬಾಗಲಕೋಟೆಯ ಓಣಿಗಳವರೆಗೆ. ಜಲಾಶಯ 519.6 ಮೀಟರಿಗೆ ತುಂಬಿದರೆ ಹಳೇ ಊರಿನ ತಗ್ಗಿನ ಭಾಗ ಉಳಿಯುವುದಿಲ್ಲ ಎಂಬ ಲೆಕ್ಕ ಮೊದಲೇ ಆಗಿತ್ತು. ಹಾಗಾಗಿ ನಾಲ್ಕಾರು ಕಿಲೋಮೀಟರ್ ಆಚೆಯ ಎತ್ತರದ ಬಯಲಿನಲ್ಲಿ ಹೊಸ ಊರಿನ ನಕ್ಷೆ ಬಿಡಿಸಿದರು. ನವಿ ಮುಂಬೈ ಯೋಜನೆಯಲ್ಲಿ ದುಡಿದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಇದಕ್ಕೂ ಸಲಹೆಗಾರರು. ಅಗಲವಾದ ರಸ್ತೆ, ಗಿಡಮರ, ಉದ್ಯಾನ, ನಂಬರು ಹಚ್ಚಿದ ಸೆಕ್ಟರುಗಳು ಬಂದವು. 1997ರ ಆಗಸ್ಟ್ 15ರಂದು ಬಾಗಲಕೋಟೆ ಜಿಲ್ಲೆಯಾಯಿತು. ಜಿಲ್ಲೆಯೆಂದ ಮೇಲೆ ಕಚೇರಿಗಳು, ಕಚೇರಿಯೆಂದ ಮೇಲೆ ವರ್ಗವಾಗಿ ಬರುವ ನಮ್ಮಂಥವರು. 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವೂ ಬಂತು, ಅದರ ಹಿಂದೆ ಎಲ್ಲೆಲ್ಲಿಯದೋ ಹುಡುಗ ಹುಡುಗಿಯರು. ಹೀಗೆ ನವನಗರದಲ್ಲಿ ಎರಡು ಬಗೆಯ ಜನ: ನೀರು ಎಬ್ಬಿಸಿ ಕಳಿಸಿದವರು, ಆದೇಶ ಎಬ್ಬಿಸಿ ಕಳಿಸಿದವರು. ನಮಗಾದರೆ ಟಿಎ ಬಿಲ್ಲು ಸಿಗುತ್ತದೆ, ಮೂರ್ನಾಲ್ಕು ವರ್ಷಕ್ಕೆ ಹಿಂದಿರುಗುವ ಆಸೆಯೂ ಇರುತ್ತದೆ. ಅವರಿಗೆ ಪರಿಹಾರ ಸಿಕ್ಕಿತು. ಹಿಂದಿರುಗುವ ಜಾಗ ನೀರಿನಡಿ ಇದೆ.

ಪಿಂಚಣಿಗೆ ಬರುವ ಹಿರಿಯರೊಬ್ಬರು ಇದನ್ನು ನನಗೆ ಒಂದೇ ಉಸಿರಿನಲ್ಲಿ ಹೇಳಿದ್ದರು: "ಹಳೇ ಮನ್ಯಾಗ ಕುಂತ್ರ ಬಾಜೂ ಮನ್ಯಾಗ ಕೆಮ್ಮಿದ್ದು ಕೇಳತಿತ್ತು. ಇಲ್ಲಿ ಯಾರರ ಸತ್ರೂ ಮರುದಿನ ಗೊತ್ತಾಗತೈತಿ." ಓಣಿಯಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಮನೆಗಳು ಇಲ್ಲಿ ಬೇರೆ ಬೇರೆ ಸೆಕ್ಟರುಗಳಿಗೆ ಹಂಚಿಹೋದವು ಎಂಬುದು ಅವರ ಕೊರಗು. ನಕ್ಷೆಯಲ್ಲಿ ಎಲ್ಲವೂ ಇತ್ತು, ಮನೆಯ ಮುಂದಿನ ಕಟ್ಟಿ ಇರಲಿಲ್ಲ. ಹಳೇ ಊರಿನಲ್ಲಿ ಮನೆಗೆ ಬಾಗಿಲಿಗಿಂತ ಮೊದಲು ಕಟ್ಟಿ. ಅಲ್ಲಿ ಕುಳಿತವನಿಗೆ ಯಾಕೆ ಕುಳಿತೆ ಎಂದು ಯಾರೂ ಕೇಳುವಂತಿಲ್ಲ. ನವನಗರದಲ್ಲಿ ಕಾಂಪೌಂಡು ಬಂತು, ಗೇಟು ಬಂತು, ಗೇಟಿಗೆ ಚಿಲಕ ಬಂತು. ಯಾವ ಯೋಜನೆಯೂ ಮುಂಗಾಣದ ಪರಿಹಾರವನ್ನು ಜನರೇ ಕಂಡುಕೊಂಡರು. ಸಂಜೆ ಬಿಸಿಲು ಇಳಿದ ಮೇಲೆ ಒಂದೊಂದು ಗೇಟಿನ ಹೊರಗೂ ನಾಲ್ಕೈದು ಪ್ಲಾಸ್ಟಿಕ್ ಕುರ್ಚಿ ಬರುತ್ತವೆ. ರಸ್ತೆ ಅಗಲವಾಗಿರುವುದರಿಂದ ಎರಡು ಸಾಲು ಹಾಕಿದರೂ ಬೈಕು ಹೋಗಲು ಜಾಗ ಉಳಿಯುತ್ತದೆ. ಅಗಲವಾದ ರಸ್ತೆಯ ನಿಜವಾದ ಉಪಯೋಗ ಇದೇ ಎಂದು ನನ್ನ ಅಭಿಪ್ರಾಯ.

ನಾನು ಬಾಡಿಗೆಗೆ ಹಿಡಿದ ಮನೆಯ ಮುಂದೆಯೂ ಅಂಥ ಕುರ್ಚಿಗಳಿದ್ದವು. ಕಚೇರಿಯಿಂದ ಬರುವಾಗ ಅವನ್ನು ದಾಟದೆ ಮೆಟ್ಟಿಲು ಹತ್ತುವಂತಿರಲಿಲ್ಲ. ಮಾಲಕಿ ಅವ್ವಾರು ನಡುವಿನ ಕುರ್ಚಿಯಲ್ಲಿ. "ಬಂದ್ರೇನ್ರಿ?" ಎಂಬುದು ಪೀಠಿಕೆ. ಆಮೇಲೆ: "ಯಾವೂರಾವ್ರು? ಒಬ್ಬಾಕೀನ ಇರ್ತೀರೇನು? ಮನೀಯವ್ರು ಯಾಕ ಬರಲಿಲ್ಲ? ಊಟಕ್ಕ ಏನ್ ಮಾಡ್ತೀರಿ? ರೊಟ್ಟಿ ಬರತಾವೇನು ಬಡಿಯಾಕ?" ನಮ್ಮ ಕಡೆಯೂ "ಊಟ ಆಯ್ತಾ" ಎಂದು ಕೇಳುತ್ತೇವೆ, ಉತ್ತರ ಬರುವುದರೊಳಗೆ ಮುಂದೆ ಹೋಗಿರುತ್ತೇವೆ. ಇಲ್ಲಿ ಉತ್ತರಕ್ಕೆ ಕಾಯುತ್ತಾರೆ. ಆಯಿತು ಎಂದರೆ ಏನಡುಗೆ ಎಂದು ಕೇಳುತ್ತಾರೆ. ಅನ್ನ ಸಾರು ಎಂದರೆ ಮುಖ ಬಾಡುತ್ತದೆ: "ಬರೇ ಅನ್ನ ಉಂಡ್ರ ಹೊಟ್ಟಿ ಹ್ಯಾಂಗ ತುಂಬತೈತ್ರಿ?" ಬೆಂಗಳೂರಿನಲ್ಲಿ ಕೆಲವು ವರ್ಷ ಇದ್ದು, ಯಾರೂ ಏನೂ ಕೇಳದಿರುವುದನ್ನೇ ಸಭ್ಯತೆ ಎಂದು ರೂಢಿಮಾಡಿಕೊಂಡವರಿಗೆ ಇದು ಪೊಲೀಸ್ ವಿಚಾರಣೆ ಅನ್ನಿಸುತ್ತದೆ. ಆದರೆ ಮರುದಿನ ಸಂಜೆ ಅದೇ ಮೆಟ್ಟಿಲ ಮೇಲೆ ಒಂದು ಸ್ಟೀಲ್ ಡಬ್ಬಿ ಇರುತ್ತದೆ. ಒಳಗೆ ಮಡಚಿಟ್ಟ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಮೂಲೆಯಲ್ಲಿ ಶೇಂಗಾ ಹಿಂಡಿ. ಪ್ರಶ್ನೆ ಕೇಳಿದ್ದು ಇದಕ್ಕೆ.

ನಾನು ಹೇಳಬೇಕೆಂದಿರುವುದೆಲ್ಲ ಈ ಡಬ್ಬಿಯ ಸುತ್ತ ಇದೆ. ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು ಎಂಬುದು ನಮ್ಮ ಕಡೆಯೂ ಇರುವ ರೂಢಿ, ಕೊನೆಗೆ ನಾಲ್ಕು ಕಾಳು ಸಕ್ಕರೆಯಾದರೂ ಹಾಕಬೇಕು. ಆದರೆ ಯಾವಾಗ ಹಿಂದಿರುಗಿಸಬೇಕು ಎಂಬುದರಲ್ಲಿ ಇಲ್ಲಿಯ ಜನಕ್ಕೆ ಒಂದು ಸೂಕ್ಷ್ಮವಿದೆ. ನಮ್ಮ ಶಾಖೆಗೆ ಬೆಂಗಳೂರಿನಿಂದ ಬಂದ ಹುಡುಗನೊಬ್ಬನಿದ್ದಾನೆ, ಬಹಳ ಸಂಕೋಚದವನು. ಪಕ್ಕದ ಮನೆಯ ವೈನಿ ಡಬ್ಬಿ ಕಳಿಸಿದರೆ ಅದೇ ಸಂಜೆ ತೊಳೆದು, ಒರೆಸಿ, ಅಂಗಡಿಯಿಂದ ಅಮೀನಗಡದ ಕರದಂಟು ತಂದು ತುಂಬಿಸಿ ಕೊಟ್ಟು ಬಂದ. ಕರದಂಟು ಸಣ್ಣ ವಸ್ತುವಲ್ಲ. ಅಂಟು, ಬೆಲ್ಲ, ಕೊಬ್ಬರಿ, ಗೋಡಂಬಿ ಎಲ್ಲ ಬಿದ್ದ ಘನವಾದ ಉತ್ತರ. ವೈನಿಗೆ ಸಂತೋಷವಾಗಲಿಲ್ಲ. "ಇಷ್ಟ ಗಡಿಬಿಡಿ ಏನಿತ್ರಿ? ಡಬ್ಬಿ ಎಲ್ಲಿ ಓಡಿ ಹೊಕ್ಕಿತ್ತು?" ಎಂದರಂತೆ. ಅವನು ನನ್ನ ಬಳಿ ಬಂದು, ತಪ್ಪೇನಾಯಿತು ಮೇಡಂ ಎಂದು ಕೇಳಿದ. ತಪ್ಪೇನೂ ಇಲ್ಲ, ಸಾಲಗಾರ ಅವಧಿಗೆ ಮುನ್ನ ಸಾಲ ಚುಕ್ತಾ ಮಾಡಿದರೆ ಬ್ಯಾಂಕಿಗೆ ಏನನ್ನಿಸುತ್ತದೋ ಅದೇ ಅವರಿಗೂ ಅನ್ನಿಸಿದೆ ಎಂದೆ.

ಬ್ಯಾಂಕಿನವರಿಗೆ ಮಾತ್ರ ತಿಳಿಯುವ ಒಂದು ಸತ್ಯವಿದೆ. ಖಾತೆ ಮುಚ್ಚಿದ ಗ್ರಾಹಕ ಮತ್ತೆ ಬರುವುದಿಲ್ಲ. ಎಷ್ಟು ಒಳ್ಳೆಯವನಾಗಿದ್ದರೂ, ಎಷ್ಟು ನಗುನಗುತ್ತಾ ಹೋದರೂ, ಬಾಕಿ ಇಲ್ಲದವನಿಗೆ ನಮ್ಮ ಬಾಗಿಲಲ್ಲಿ ಕೆಲಸವಿಲ್ಲ. ಬಾಕಿ ಇರುವವನು ಬರುತ್ತಾನೆ, ಕೂರುತ್ತಾನೆ, ಮಳೆಯ ಬಗ್ಗೆ ಹೇಳುತ್ತಾನೆ, ಮಗಳ ಮದುವೆಗೆ ಕರೆಯುತ್ತಾನೆ. ಹೊಸ ಊರಿಗೆ ಬಂದ ಓದಿದವರ ಮೊದಲ ಹಂಬಲ ಯಾರ ಹಂಗಿನಲ್ಲೂ ಇರಬಾರದು ಎಂಬುದು. ಅದರ ಜೊತೆಗೇ, ಇಲ್ಲಿ ಯಾರೂ ಹಚ್ಚಿಕೊಳ್ಳುವುದಿಲ್ಲ ಎಂಬ ದೂರು. ಇವೆರಡಕ್ಕೂ ನಂಟಿದೆ ಎಂಬುದು ಗೇಟಿನ ಹೊರಗೆ ಕುರ್ಚಿ ಹಾಕಿ ಕುಳಿತವರಿಗೆಲ್ಲ ಗೊತ್ತು. ಕೊಡುವುದು ಸುಲಭ, ಕೇಳುವುದು ಕಷ್ಟ. ಒಂದು ಬಟ್ಟಲು ಹೆಪ್ಪಿಗೆ ಮೊಸರು ಕೇಳುವುದಕ್ಕೆ ನನಗೆ ಹಿಡಿದ ಧೈರ್ಯ, ಒಂದು ಕೋಟಿಯ ಸಾಲದ ಕಡತಕ್ಕೆ ಸಹಿ ಹಾಕಲು ಹಿಡಿದಿರಲಿಲ್ಲ. ಆದರೆ ಆ ಮೊಸರಿನ ಬಟ್ಟಲಿನ ಮೇಲೆಯೇ ಮಾಲಕಿ ಅವ್ವಾರು "ಮೇಡಮ್ಮಾರ" ಎಂಬುದನ್ನು ಬಿಟ್ಟು "ಯವ್ವಾ" ಎಂದರು.

ಈ ಲೆಕ್ಕಾಚಾರದ ಶುದ್ಧ ರೂಪ ನೋಡಬೇಕೆಂದರೆ ಭಿಶಿಗೆ ಹೋಗಬೇಕು. ನಮ್ಮ ಕಡೆಯ ಚೀಟಿಯ ತಂಗಿ ಇದು, ಅದಕ್ಕಿಂತ ಸಾಧು. ಓಣಿಯ ಹೆಂಗಸರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರುತ್ತಾರೆ. ಎಲ್ಲರೂ ಸಮ ಹಣ ಹಾಕುತ್ತಾರೆ. ಹೆಸರು ಬರೆದ ಚೀಟಿಗಳನ್ನು ಮಡಚಿ ಒಂದು ವಾಟೆಯಲ್ಲಿ ಹಾಕಿ, ಮನೆಯ ಚಿಕ್ಕ ಮಗುವಿನ ಕೈಯಲ್ಲಿ ಎತ್ತಿಸುತ್ತಾರೆ. ಹರಾಜಿಲ್ಲ, ಕಮಿಷನ್ನಿಲ್ಲ, ಬಡ್ಡಿಯಿಲ್ಲ. ಬ್ಯಾಂಕಿನ ಕಣ್ಣಿನಿಂದ ನೋಡಿದರೆ ಮೊದಲು ಎತ್ತಿದವಳಿಗೆ ಬಡ್ಡಿಯಿಲ್ಲದ ಸಾಲ, ಕೊನೆಗೆ ಎತ್ತಿದವಳಿಂದ ಬಡ್ಡಿಯಿಲ್ಲದ ಠೇವಣಿ. ಇದನ್ನು ನಾನು ವೃತ್ತಿಧರ್ಮದಂತೆ ಒಮ್ಮೆ ವಿವರಿಸಿ, ಅದೇ ಹಣವನ್ನು ಆರ್‌ಡಿಗೆ ಕಟ್ಟಿದರೆ ವರ್ಷಕ್ಕೆ ಇಷ್ಟು ಹೆಚ್ಚು ಬರುತ್ತದೆ ಎಂದೆ. ಎಲ್ಲರೂ ಗೌರವದಿಂದ ಕೇಳಿದರು. ಆಮೇಲೆ ಒಬ್ಬರು, "ಬಡ್ಡಿ ಬರತೈತಿ ಖರೆ, ಮೇಡಮ್ಮಾರ. ಬ್ಯಾಂಕಿನ್ಯಾಗ ಚುರುಮುರಿ ಕೊಡ್ತಾರೇನು?" ಎಂದರು. ಒಳಗಿನಿಂದ ಆಗಲೇ ಒಗ್ಗರಣೆಯ ಚುರುಮುರಿ, ಮಿರ್ಚಿ ಭಜಿ ಬರುತ್ತಿದ್ದವು. ಬ್ಯಾಂಕಿನ ಅಧಿಕಾರಿಯೊಬ್ಬಳು ಭಿಶಿ ಸೇರಿದ್ದು ನಮ್ಮ ವಲಯ ಕಚೇರಿಗೆ ಹೇಗೆ ಕಾಣುತ್ತದೋ, ನಾನು ವಿಚಾರಿಸಿಲ್ಲ.

ಭಿಶಿಯ ಗುಟ್ಟು ಹಣದಲ್ಲಿಲ್ಲ. ಒಮ್ಮೆ ಎತ್ತಿಕೊಂಡ ಮೇಲೆ ಸುತ್ತು ಮುಗಿಯುವವರೆಗೆ ಬಿಡುವಂತಿಲ್ಲ. ಎತ್ತದವರು ಎತ್ತುವವರೆಗೆ ಬಿಡುವುದಿಲ್ಲ. ಮನಸ್ಸು ಸರಿಯಿಲ್ಲದಿದ್ದರೂ, ಮೊನ್ನೆ ತಾನೇ ಜಗಳವಾಗಿದ್ದರೂ, ತಿಂಗಳಿಗೊಮ್ಮೆ ಎದುರುಬದುರು ಕೂರಲೇಬೇಕು. ಸ್ನೇಹಕ್ಕೆ ಸಮಾನ ಅಭಿರುಚಿ ಬೇಕೆಂದು ನಾವೆಲ್ಲ ನಂಬಿದ್ದೇವೆ. ನನ್ನ ಭಿಶಿಯ ಗೆಳತಿಯರಿಗೂ ನನಗೂ ಇರುವ ಸಮಾನ ಅಭಿರುಚಿ ಮಿರ್ಚಿ ಭಜಿ ಒಂದೇ. ಒಬ್ಬರಿಗೆ ಧಾರಾವಾಹಿ, ಒಬ್ಬರಿಗೆ ಅಕ್ಕನ ಬಳಗದ ವಚನ ಪಾಠ, ಇನ್ನೊಬ್ಬರಿಗೆ ಸೊಸೆಯ ತಪ್ಪುಗಳು. ಆದರೆ ತಪ್ಪದೆ ಕಾಣುವ ಮುಖಕ್ಕೆ ಅಭಿರುಚಿಗಿಂತ ಹೆಚ್ಚಿನ ಬಲವಿದೆ. ಶ್ರಾವಣದಲ್ಲಿ ಮಠದಲ್ಲಿ ತಿಂಗಳಿಡೀ ಪುರಾಣ ನಡೆಯುವಾಗಲೂ ಇದೇ. ಶಾಸ್ತ್ರಿಗಳು ಪುರಾಣ ಹೇಳುತ್ತಾರೆ, ತಬಲಾ ಹಾರ್ಮೋನಿಯಂ ಇರುತ್ತದೆ, ಕೊನೆಗೆ ಪ್ರಸಾದ. ಕಥೆ ಎಲ್ಲರಿಗೂ ಗೊತ್ತು. ನಿನ್ನೆ ಕುಳಿತ ಜಾಗದಲ್ಲೇ ಇವತ್ತೂ ಕೂರುವುದು, ಪಕ್ಕದವಳು ಬರುವುದು ತಡವಾದರೆ ಅವಳಿಗೊಂದು ಜಾಗ ಹಿಡಿದಿಡುವುದು. ವಾರ ಕಳೆಯುವುದರೊಳಗೆ ನನಗೂ ಯಾರೋ ಜಾಗ ಹಿಡಿದಿಟ್ಟಿದ್ದರು.

ಇದನ್ನೆಲ್ಲ ಹೇಳುವಾಗ ಒಂದು ಮಾತು ಬಿಟ್ಟರೆ ಅನ್ಯಾಯವಾಗುತ್ತದೆ. "ಯಾವೂರಾವ್ರು" ಎಂಬ ಪ್ರಶ್ನೆ ಅಲ್ಲಿಗೇ ನಿಲ್ಲುವುದಿಲ್ಲ. "ಯಾರ ಪೈಕಿ" ಎಂಬಲ್ಲಿಗೆ ಹೋಗುತ್ತದೆ. ಮನೆ ಬಾಡಿಗೆಗೆ ಕೇಳುವಾಗ ಆ ಪ್ರಶ್ನೆಯ ಹಲ್ಲು ಕಾಣುತ್ತದೆ. ನನ್ನ ಸಹೋದ್ಯೋಗಿಯೊಬ್ಬರಿಗೆ ಹೆಸರು ಹೇಳಿದ ತಕ್ಷಣ "ಮನಿ ನಿನ್ನೇನ ಕೊಟ್ವಿ ರೀ" ಎಂಬ ಉತ್ತರ ಹಲವು ಗೇಟುಗಳಲ್ಲಿ ಸಿಕ್ಕಿತು. ಟು ಲೆಟ್ ಬೋರ್ಡು ಮಾತ್ರ ಹಾಗೇ ತೂಗುತ್ತಿತ್ತು. ಅವರಿಗೆ ಡಬ್ಬಿಗಳು ಬರಲಿಲ್ಲವೆಂದಲ್ಲ, ಬಂದವು; ಆದರೆ ನನಗಿಂತ ತಡವಾಗಿ, ಕಡಿಮೆ ಮನೆಗಳಿಂದ. ಇದು ನವನಗರದ್ದೇ ಗುಣವಲ್ಲ, ನಮ್ಮ ತಿಪಟೂರಿನಲ್ಲೂ ಹೀಗೇ. ಆದರೆ ಬಂದವನನ್ನು ಯಾರವನೆಂದು ವಿಚಾರಿಸುವುದೇ ಬೇಡವೆಂದ ಬಸವಣ್ಣನವರು ಐಕ್ಯರಾದ ಕೂಡಲಸಂಗಮ ಇದೇ ಜಿಲ್ಲೆಯ ಹುನಗುಂದ ತಾಲ್ಲೂಕಿನಲ್ಲಿದೆ ಎಂಬುದರಿಂದ ಇಲ್ಲಿ ಸ್ವಲ್ಪ ಹೆಚ್ಚು ಚುಚ್ಚುತ್ತದೆ.

ಆ ಪ್ರಶ್ನೆಗೆ ಪೂರ್ಣ ರಜೆ ಸಿಗುವುದು ಹೋಳಿಯಲ್ಲಿ. ಬಾಗಲಕೋಟೆಯ ಹೋಳಿ ಒಂದು ದಿನದ ಹಬ್ಬವಲ್ಲ. ಹುಣ್ಣಿಮೆಗೆ ಎಷ್ಟೋ ದಿನ ಮೊದಲೇ ರಾತ್ರಿ ಹಲಗಿಯ ಸದ್ದು ಶುರುವಾಗುತ್ತದೆ. ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ ಎಂದು ಓಣಿಗಳು. ಪ್ರತಿ ಓಣಿಗೂ ತನ್ನ ಹಲಗಿ ಮೇಳ, ತನ್ನ ಸೋಗಿನ ಬಂಡಿ, ತನ್ನ ಹಟ. ಕಾಮದಹನದ ಮರುದಿನದಿಂದ ಓಣಿಗಳು ದಿನ ಹಂಚಿಕೊಂಡು ಬಣ್ಣ ಆಡುತ್ತವೆ. ದೊಡ್ಡ ಬ್ಯಾರಲ್ಲುಗಳಲ್ಲಿ ಬಣ್ಣ ತುಂಬಿಕೊಂಡ ಚಕ್ಕಡಿ, ಟ್ರ್ಯಾಕ್ಟರುಗಳು ಒಂದು ಓಣಿಯಿಂದ ಇನ್ನೊಂದಕ್ಕೆ ದಂಡೆತ್ತಿ ಹೋಗುತ್ತವೆ. ಪೇಟೆಯ ಅಂಗಡಿಗಳು ಬಾಗಿಲು ಹಾಕುತ್ತವೆ. ಮಾಳಿಗೆಯ ಮೇಲಿನಿಂದ ಹೆಂಗಸರು ಮಕ್ಕಳು ಕೊಡಗಟ್ಟಲೆ ಸುರಿಯುತ್ತಾರೆ.

ನನ್ನನ್ನು ಮಾಲಕಿ ಅವ್ವಾರು ತಮ್ಮ ತಂಗಿಯ ಹಳೇ ಮನೆಯ ಮಾಳಿಗೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ನಿಂತು ನೋಡಿದಾಗ ತಿಳಿದದ್ದು, ಆ ಗುಂಪಿನಲ್ಲಿ ಎಷ್ಟೋ ಜನ ಸೆಕ್ಟರುಗಳಿಂದ ಬಂದವರು ಎಂಬುದು. ವರ್ಷವಿಡೀ ನವನಗರದ ನಂಬರಿನಲ್ಲಿ ಬದುಕಿದವರು ಹೋಳಿಗೆ ಮಾತ್ರ ತಂತಮ್ಮ ಓಣಿಗೆ ಹಾಜರಿ ಹಾಕುತ್ತಾರೆ. ಮನೆ ಹೋಗಿದ್ದರೂ ಓಣಿಯ ಲೆಕ್ಕದ ಪುಸ್ತಕದಲ್ಲಿ ಹೆಸರಿದೆ. ವಂತಿಗೆ ಕೊಡುತ್ತಾರೆ, ಹಲಗಿ ಬಾರಿಸುತ್ತಾರೆ, ಕಳೆದ ವರ್ಷ ಎದುರು ಓಣಿಯವರು ಹಾಕಿದ ಬಣ್ಣದ ಸೇಡು ತೀರಿಸುತ್ತಾರೆ. ಅಂದರೆ ತೀರಿಸುವುದಿಲ್ಲ, ಮುಂದಿನ ವರ್ಷಕ್ಕೆ ಸ್ವಲ್ಪ ಉಳಿಸಿ ಬರುತ್ತಾರೆ. ನಮ್ಮ ಸಂಕೋಚದ ಹುಡುಗನನ್ನು ಬೀದಿಯಲ್ಲಿ ಯಾರೋ ಹಿಡಿದು ತಲೆಯಿಂದ ಕಾಲಿನವರೆಗೆ ನೆನೆಸಿದ್ದು ಮಾಳಿಗೆಯಿಂದ ಕಂಡಿತು. ಬಣ್ಣ ಬಿದ್ದ ಮುಖವನ್ನು ಯಾವೂರು, ಯಾರ ಪೈಕಿ ಎಂದು ಕೇಳಲು ಬರುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವನ ಕೈಯಲ್ಲೂ ಒಂದು ಹಲಗಿ ಇತ್ತು, ತಾಳ ಮಾತ್ರ ಯಾವ ಓಣಿಯದೂ ಆಗಿರಲಿಲ್ಲ.

ಆ ಹುಡುಗ ರಜೆಯ ದಿನ ಬಾದಾಮಿಗೆ ಹೋಗುತ್ತಾನೆ. ಗುಹೆ ನೋಡಲಿಕ್ಕಲ್ಲ, ಬಂಡೆ ಹತ್ತಲಿಕ್ಕೆ. ಬಾದಾಮಿಯ ಕೆಂಪು ಮರಳುಗಲ್ಲಿನ ಕಡಿದಾದ ಗೋಡೆಗಳು ದೇಶದ ಬಂಡೆ ಹತ್ತುವವರಿಗೆಲ್ಲ ಗೊತ್ತು; ಬೆಂಗಳೂರಿನಿಂದ, ಪುಣೆಯಿಂದ, ಹೊರದೇಶಗಳಿಂದಲೂ ಬರುತ್ತಾರೆ. ಒಬ್ಬ ಹತ್ತುತ್ತಾನೆ, ಇನ್ನೊಬ್ಬ ಕೆಳಗೆ ನಿಂತು ಹಗ್ಗ ಹಿಡಿಯುತ್ತಾನೆ. ಬೆಳಿಗ್ಗೆ ಹೆಸರು ಗೊತ್ತಿಲ್ಲದವನ ಕೈಗೆ ಮಧ್ಯಾಹ್ನದ ಹೊತ್ತಿಗೆ ಜೀವ ಒಪ್ಪಿಸಿರುತ್ತಾರೆ. ಇದೂ ಸ್ನೇಹವೇ, ಬಹಳ ಸ್ವಚ್ಛವಾದದ್ದು. ಭಿಶಿಯೊಂದಿಗೆ ಇದನ್ನು ತೂಗಿ ನೋಡುವ ಆಸೆ ನನಗಿಲ್ಲ. ನನ್ನ ಮೊಣಕಾಲು ನನಗಾಗಿ ಆ ತೀರ್ಮಾನ ಮಾಡಿಬಿಟ್ಟಿದೆ. ಅವನ ಜೊತೆ ಒಮ್ಮೆ ಹೋದಾಗ ನಾನು ನೋಡಲು ಬಯಸಿದ್ದು ಅಲ್ಲಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನವನ್ನು. ಕನ್ನಡದ ಅತಿ ಹಳೆಯ ತ್ರಿಪದಿಗಳು ಅಲ್ಲಿವೆ. ಒಳ್ಳೆಯವರಿಗೆ ಒಳ್ಳೆಯವನು, ಸಿಹಿಯಾಗಿ ನಡೆದವರಿಗೆ ಸಿಹಿ, ಕೆಣಕಿದವರಿಗೆ ಮಾತ್ರ ಬೇರೆಯೇ ಆದವನು ಎಂದು ಆತನ ಹೊಗಳಿಕೆ. ಸುಮಾರು 1,300 ವರ್ಷಗಳಿಂದ ನಾವು ತಲೆದೂಗುತ್ತಿರುವ ಗುಣ. ಆದರೆ ಅದು ಕೊಟ್ಟಷ್ಟನ್ನೇ ಕೊಡುವ ಲೆಕ್ಕ, ಅದೇ ದಿನ ಡಬ್ಬಿ ತೊಳೆದು ಕೊಡುವ ಲೆಕ್ಕ. ನವನಗರದ ವೈನಿಗಳು ಅರಭಟ್ಟನನ್ನು ಒಪ್ಪುತ್ತಾರೆಂದು ನನಗನ್ನಿಸುವುದಿಲ್ಲ. ಅವರದು ಬಂದದ್ದಕ್ಕಿಂತ ಸ್ವಲ್ಪ ಹೆಚ್ಚು, ಬರಬೇಕಾದ್ದಕ್ಕಿಂತ ಸ್ವಲ್ಪ ತಡ.

ಸಾಲದ ತಪಾಸಣೆಗೆಂದು ಹುನಗುಂದ, ಇಳಕಲ್ಲಿನ ಕಡೆ ತಿರುಗುವುದು ನನ್ನ ಕೆಲಸದ ಭಾಗ. ಸಾಲಗಾರರ ಮನೆಯಲ್ಲಿ ಬ್ಯಾಂಕಿನವರು ಏನೂ ಮುಟ್ಟಬಾರದು ಎಂಬ ಶಿಸ್ತನ್ನು ನಾನು ತರಬೇತಿಯಲ್ಲೇ ಕಲಿತಿದ್ದೆ. ಇಳಕಲ್ಲಿನಲ್ಲಿ ಆ ಶಿಸ್ತು ಮೊದಲ ಮನೆಯಲ್ಲೇ ಸೋತಿತು. ನೇಕಾರರು ಕುಣಿಯಲ್ಲಿ ಕಾಲಿಳಿಸಿ ಮಗ್ಗದ ಮುಂದೆ ಕುಳಿತಿದ್ದರು, ಕೈ ನಿಲ್ಲಿಸಲಿಲ್ಲ, ಬಾಯಿಯೂ ನಿಲ್ಲಲಿಲ್ಲ: "ಚಾ ಕುಡದ ಮ್ಯಾಲ ಸಾಲದ ಮಾತು." ಮನೆಯಾಕೆ ಅತ್ತ ಕಂಡಿಕಿ ಸುತ್ತುತ್ತಲೇ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಕೂಡಿಸುವ ಬಗೆಯನ್ನು ನನಗೆ ತೋರಿಸಿದರು. ಇಳಕಲ್ ಸೀರೆಯಲ್ಲಿ ಒಡಲು ಬೇರೆ, ಸೆರಗು ಬೇರೆ ಹಾಸು. ಎಳೆಗೆ ಎಳೆ ಸಿಕ್ಕಿಸಿ ಒಂದು ಮಾಡುತ್ತಾರೆ. ಲಲಿತ ಪ್ರಬಂಧ ಬರೆಯುವವರಿಗೆ ಇಲ್ಲಿ ಒಂದು ಉಪಮೆ ಕೈ ಚಾಚಿ ನಿಂತಿದೆ ಎಂದು ಗೊತ್ತು. ಬೇಡ, ಆ ಕೆಲಸದಲ್ಲಿ ಕಣ್ಣು ಹೋಗುತ್ತದೆ, ಕೂಲಿ ಸಾಲದು, ಪವರ್‌ಲೂಮಿನ ಸೀರೆ ಇಳಕಲ್ಲಿನ ಹೆಸರಿನಲ್ಲೇ ಅರ್ಧ ಬೆಲೆಗೆ ಮಾರುತ್ತದೆ. ಅದನ್ನೆಲ್ಲ ಕೇಳಿಸಿಕೊಂಡು ಬಂದವಳು ಉಪಮೆ ಹುಡುಕಬಾರದು. ಇದೇ ಊರಿನ ಮಹಾಂತ ಸ್ವಾಮಿಗಳು ಊರೂರು ತಿರುಗಿ ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದವರು. ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಬೇಡುವುದರಿಂದ ನಂಟು ಬೆಳೆಯುತ್ತದೆ ಎಂಬುದನ್ನು ಅವರಷ್ಟು ಬಲ್ಲವರು ಕಡಿಮೆ. ಚಟದ ಜೋಳಿಗೆಯಿಂದ ಚಹಾ ಮಾತ್ರ ತಪ್ಪಿಸಿಕೊಂಡಿದೆ ಎಂದು ಕಾಣುತ್ತದೆ, ಇಳಕಲ್ಲಿನಲ್ಲಿ ಅದು ಈಗಲೂ ಮನೆಮನೆಗೂ ಇದೆ.

ಸಂಕ್ರಾಂತಿಗೆ ಭಿಶಿಯವರೆಲ್ಲ ಟೆಂಪೊ ಮಾಡಿಕೊಂಡು ಕೂಡಲಸಂಗಮಕ್ಕೆ ಹೋಗುತ್ತಾರೆ. ಕೃಷ್ಣೆ ಮಲಪ್ರಭೆ ಕೂಡುವಲ್ಲಿ ಮೀಯುವುದು, ಮೆಟ್ಟಿಲಿಳಿದು ಐಕ್ಯಮಂಟಪದವರೆಗೆ ಹೋಗಿ ಕೈಮುಗಿಯುವುದು, ಆಮೇಲೆ ನೆರಳು ಹುಡುಕಿ ಬುತ್ತಿ ಬಿಚ್ಚುವುದು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಮಡಕಿಕಾಳು, ಬದನೆಕಾಯಿ, ಗುರೆಳ್ಳು ಚಟ್ನಿ, ಗಡಿಗೆ ಮೊಸರು. ಪ್ರತಿಯೊಬ್ಬರೂ ತಮ್ಮ ಮನೆಗೆ ಬೇಕಾದ್ದಕ್ಕಿಂತ ಬಹಳ ಹೆಚ್ಚು ತಂದಿರುತ್ತಾರೆ, ಯಾರೂ ತಮ್ಮ ಡಬ್ಬಿಯದನ್ನು ತಿನ್ನುವುದಿಲ್ಲ. ನನ್ನ ಚಿತ್ರಾನ್ನಕ್ಕೂ ಗಿರಾಕಿಗಳಿದ್ದರು, ಕನಿಕರದಿಂದಲೋ ಏನೋ.

ಅದೇ ತಿಂಗಳ ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ. ತೇರು ಒಂದು ದಿನ, ಜಾತ್ರೆ ವಾರಗಟ್ಟಲೆ. ಬಳೆ, ಬೆತ್ತಾಸು ಮಾತ್ರವಲ್ಲ, ಮನೆ ಕಟ್ಟುವವರಿಗೆ ಬಾಗಿಲು ಚೌಕಟ್ಟು ಕೂಡ ಇಲ್ಲಿ ಸಿಗುತ್ತದೆ. ಇದಕ್ಕಿಂತ ದೊಡ್ಡ ಆಕರ್ಷಣೆ ನಾಟಕ ಕಂಪನಿಗಳು. ಸಾಲಾಗಿ ತಗಡಿನ ಥೇಟರು ಹಾಕಿ ತಿಂಗಳೊಪ್ಪತ್ತು ಆಡುತ್ತಾರೆ. ರಾಜ್‌ಕುಮಾರ್ ನಟಿಸಿದ 1974ರ 'ಸಂಪತ್ತಿಗೆ ಸವಾಲ್' ಸಿನಿಮಾ ಹುನಗುಂದ ತಾಲ್ಲೂಕಿನ ಸೂಳೇಬಾವಿಯ ಪಿ.ಬಿ. ಧುತ್ತರಗಿಯವರ ನಾಟಕದಿಂದ ಬಂದದ್ದು. ಅಂಥ ನಾಟಕಗಳನ್ನು ಬೆಳೆಸಿದ ಮಣ್ಣು ಇದು. ಈಗಿನ ನಾಟಕಗಳಲ್ಲಿ ದ್ವಂದ್ವಾರ್ಥ ಸ್ವಲ್ಪ ಹೆಚ್ಚಾಯಿತು ಎಂದು ಹಿರಿಯರ ದೂರು. ನನಗೂ ಹಾಗೇ ಅನ್ನಿಸಿತು. ಆದರೆ ನಡುರಾತ್ರಿ, ಚಳಿಯಲ್ಲಿ, ಶಾಲು ಹೊದ್ದು ಕುಳಿತ ಮಾಲಕಿ ಅವ್ವಾರು ಒಂದು ಪೋಲಿ ಮಾತಿಗೆ ನನಗಿಂತ ಮೊದಲು ನಕ್ಕು, ನನ್ನ ತೊಡೆಗೆ ಹೊಡೆದು, "ತಿಳೀತೇನವಾ?" ಎಂದು ಕೇಳಿದಾಗ ನಾಟಕದ ಗುಣಮಟ್ಟದ ಪ್ರಶ್ನೆ ಅಲ್ಲಿಗೆ ಬಗೆಹರಿಯಿತು.

ನಮ್ಮ ಭಿಶಿಗೆ ಹಳೇ ಊರಿನಿಂದ ಬರುವ ಒಬ್ಬ ಅಕ್ಕಾರಿದ್ದಾರೆ. ಅವರ ಮನೆಯ ಹತ್ತಿರದವರೆಗೂ ಹಿನ್ನೀರು ಬಂದು ನಿಂತಿದೆ, ಮನೆ ಉಳಿದಿದೆ. ಉಳಿದದ್ದು ಸದ್ಯಕ್ಕೆ. ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿತ್ತು. ಅಂದಿನಿಂದ ಆ ಅಕ್ಕಾರು ಎದ್ದು ಹೋಗುವ ದಿನಕ್ಕೆ ಕಾಯುತ್ತಾ ಗೋಡೆಗೆ ಸುಣ್ಣ ಹೊಡೆಸುವುದೋ ಬೇಡವೋ ಎಂದು ಪ್ರತಿ ವರ್ಷ ಯೋಚಿಸುತ್ತಾರೆ. ಮೂರು ದಶಾಂಶ ಸ್ಥಾನದವರೆಗೆ ಆ ಅಂಕಿಯನ್ನು ಅವರಷ್ಟು ಸ್ಪಷ್ಟವಾಗಿ ಹೇಳುವ ಎಂಜಿನಿಯರನ್ನು ನಾನು ಕಂಡಿಲ್ಲ. ಮೊನ್ನೆಯ ಭಿಶಿಯಲ್ಲಿ ಅವರು ಚುರುಮುರಿಯ ತಾಟು ಪಕ್ಕಕ್ಕಿಟ್ಟು, ನನ್ನ ಕಡೆ ತಿರುಗಿ ಕೇಳಿದರು: "ಮೇಡಮ್ಮಾರ, ನೀವು ಹೊರಗಿಂದ ಬಂದು ಇಲ್ಲಿ ಹೊಂದಿಕೊಂಡೀರಿ. ಯಾವ ಸೆಕ್ಟರಿನ್ಯಾಗ ಮಂದಿ ಛಲೋ ಅದಾರು, ಹೇಳ್ರಿ ನೋಡೂಣು. ನಾಳೆ ನಾವೂ ಬರೂದ ಐತಿ."

ಬಾಗಲಕೋಟೆಯಲ್ಲಿ ಹುಟ್ಟಿ ಬೆಳೆದು ಮುದುಕಿಯಾದವರಿಗೆ ಬಾಗಲಕೋಟೆಯಲ್ಲಿ ಎಲ್ಲಿರಬೇಕೆಂದು ತಿಪಟೂರಿನವಳು ಹೇಳಬೇಕು. ನಾನು ಹೇಳಿಯೂ ಹೇಳಿದೆ: ನಮ್ಮ ಸಾಲಿಗೆ ಬನ್ನಿ, ನೀರು ಸರಿಯಾಗಿ ಬರುತ್ತದೆ, ಸಂಜೆ ಕುರ್ಚಿ ಇರುತ್ತದೆ. "ನಮ್ಮ ಸಾಲಿನ್ಯಾಗ ಪ್ಲಾಟ್ ಎಲ್ಲಿ ಖಾಲಿ ಅದಾವವಾ?" ಎಂದು ಮಾಲಕಿ ಅವ್ವಾರು ತಡೆದರು. ಇನ್ನೊಬ್ಬರು ತಮ್ಮ ಸೆಕ್ಟರನ್ನು ಮುಂದಿಟ್ಟರು. ಅಲ್ಲಿ ನಾಯಿ ಕಾಟ ಎಂದು ಮತ್ತೊಬ್ಬರು ಅಡ್ಡ ಬಂದರು. ನಾಯಿ ಇದ್ದರೇನು, ಮಂದಿ ಕಚ್ಚುವುದಿಲ್ಲವಲ್ಲ ಎಂದು ಮೊದಲಿನವರು. ಯಾರ ಸೆಕ್ಟರಿನಲ್ಲಿ ಗುಡಿ ಹತ್ತಿರ, ಯಾರಲ್ಲಿ ಗಿರಣಿ ಹತ್ತಿರ, ಯಾರ ನೆರೆಯವರು ಡಬ್ಬಿ ಕೊಟ್ಟರೆ ತಿರುಗಿ ಕೊಡುವುದೇ ಇಲ್ಲ ಎಂಬಲ್ಲಿಗೆ ಮಾತು ಹೋಯಿತು. ದನಿಗಳು ಏರಿದವು, ಚಹಾ ಎರಡನೇ ಸಲ ಬಂತು. ಚೀಟಿ ಎತ್ತಬೇಕಾದ ಮಗು ವಾಟೆಯನ್ನು ಬೋರಲು ಹಾಕಿಕೊಂಡು ನಿದ್ದೆ ಹೋಗಿತ್ತು, ಆ ತಿಂಗಳ ಹಣ ಯಾರಿಗೆಂದು ನೋಡಲು ಮರುದಿನ ಎಲ್ಲರೂ ಮತ್ತೆ ಸೇರಬೇಕಾಯಿತು.